ಮೇನ್ ಆಫ್ ಮಾಡ್ಬೇಡಿ, ಆಟ ನಿಂತಿದೆ

ನನ್ನದು ಇನ್ವರ್ಟರ್ ರಿಪೇರಿ ಕೆಲಸ. ಅಂಗಡಿ ಶಿವಮೊಗ್ಗದಲ್ಲಿ, ಗಿರಾಕಿಗಳು ಭದ್ರಾವತಿ ತನಕ. ಯಾರ ಮನೆಗೆ ಹೋದರೂ ನನ್ನ ಕೈ ಮೊದಲು ಹೋಗುವುದು ಮೇನ್ ಸ್ವಿಚ್ಚಿಗೆ. ಹಿಂದೆಲ್ಲ ಆ ಹೊತ್ತಿಗೆ ಒಳಗಿನಿಂದ "ಸ್ವಲ್ಪ ಇರಿ, ಟ್ಯಾಂಕಿಗೆ ನೀರು ಏರ್ತಿದೆ" ಅಂತಲೋ "ಧಾರಾವಾಹಿ ಮುಗೀಲಿ" ಅಂತಲೋ ಕೂಗು ಬರುತ್ತಿತ್ತು. ಈಗ ಬರುವ ಕೂಗೇ ಬೇರೆ. "ಅಣ್ಣಾ, ಮೇನ್ ಆಫ್ ಮಾಡ್ಬೇಡಿ, ಗೇಮ್ ಪಾಸ್ ಮಾಡಿಟ್ಟಿದೀವಿ!"

ಪಾಸ್ ಅಂದರೆ ಆಟವನ್ನು ಇದ್ದಲ್ಲಿಗೇ ತಡೆದು ನಿಲ್ಲಿಸಿಡುವುದು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಡುವವರು ಊರಲ್ಲೇ ಇರುವುದಿಲ್ಲ. ಟಿವಿಯ ಮೇಲೆ ಯಾವನೋ ಒಬ್ಬ ಒಂದು ಕಾಲೆತ್ತಿಕೊಂಡು ನಿಂತಿರುತ್ತಾನೆ, ಮನೆಮಂದಿಯೆಲ್ಲ ಅವನಿಗಾಗಿ ಕರೆಂಟು ಕಾಯುತ್ತಿರುತ್ತಾರೆ. ಇದೆಂಥ ಹುಚ್ಚು ಮಾರಾಯ ಅಂದುಕೊಳ್ಳುತ್ತಿದ್ದೆ. ಈಗ ಸಿಟ್ಟು ಹೋಗಿದೆ. ಅಂಥ ಮನೆಗೆ ಹೋದರೆ ಚಪ್ಪಲಿ ಬಿಡುವಾಗಲೇ ಒಂದು ಥರದ ಭಕ್ತಿ ಬಂದುಬಿಡುತ್ತದೆ. ಅದಕ್ಕೆ ಕಾರಣ ಭದ್ರಾವತಿಯ ಓಲ್ಡ್ ಟೌನಿನ ಒಂದು ಮನೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಸಣ್ಣಪುಟ್ಟವನ್ನು ಹೇಳಿಬಿಡುತ್ತೇನೆ.

ನೇತಾಡುತ್ತಿದ್ದವನು

ವಿದ್ಯಾನಗರದ ಒಂದು ಮನೆಗೆ ಬ್ಯಾಟರಿಗೆ ನೀರು ಹಾಕಲು ಹೋಗಿದ್ದೆ. ಮನೆಯಲ್ಲಿದ್ದವರು ಅಜ್ಜಿ ಒಬ್ಬರೇ. ಟಿವಿಯಲ್ಲಿ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಬಂಡೆಯ ಅಂಚು ಹಿಡಿದು ಒಂದೇ ಕೈಯಲ್ಲಿ ನೇತಾಡುತ್ತಿದ್ದ. ಕೆಳಗೆ ಪ್ರಪಾತ. ಮೊಮ್ಮಗಳು ಅವನನ್ನು ಅಲ್ಲಿಗೇ ನಿಲ್ಲಿಸಿ ಕಾಲೇಜಿಗೆ ಹೋಗಿದ್ದಳು.

ಮೂಲೆಯಲ್ಲಿದ್ದ ಟೇಬಲ್ ಫ್ಯಾನು ಟಿವಿಯ ಕಡೆ ತಿರುಗಿತ್ತು. ಅಜ್ಜಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದರು.

"ಫ್ಯಾನು ನಿಮ್ಮ ಕಡೆ ತಿರುಗಿಸ್ಲಾ ಅಜ್ಜಿ?"

"ಬೇಡ. ಅವನ ಹಣೆ ನೋಡು, ಎಷ್ಟು ಬೆವರಿದಾನೆ."

ನಾನು ಬ್ಯಾಟರಿಯ ಮುಚ್ಚಳ ತೆಗೆದೆ. ಅಜ್ಜಿ ಬಿಡಲಿಲ್ಲ.

"ನೀನು ಕರೆಂಟಿನ ಕೆಲಸದವನು ತಾನೆ? ಅವನನ್ನ ಸ್ವಲ್ಪ ಕೆಳಗಿಳಿಸಪ್ಪ."

"ನಾನು ಬ್ಯಾಟರಿಯವನು ಅಜ್ಜಿ. ಇಳಿಸೋದು ನನಗೆ ಬರಲ್ಲ."

"ಕಂಬ ಹತ್ತೋರಿಗೆ ಇಳಿಸೋಕೆ ಬರಲ್ವಾ?"

ಆಮೇಲೆ ಗೊತ್ತಾಯಿತು, ಅಜ್ಜಿ ಇನ್ನೂ ಊಟ ಮಾಡಿರಲಿಲ್ಲ. ಎದುರಿಗೆ ಒಬ್ಬ ಹಾಗೆ ನೇತಾಡುತ್ತಿರುವಾಗ ತುತ್ತು ಇಳಿಯುವುದಿಲ್ಲವಂತೆ. ಟಿವಿಗೆ ಬೆನ್ನು ಹಾಕಿ ಉಣ್ಣಬಹುದಲ್ಲ ಅಂದೆ. "ಅವನಿಗೆ ಬೆನ್ನು ತೋರಿಸ್ಕೊಂಡು ಉಣ್ಣೋದಾ? ಬೇಜಾರು ಮಾಡ್ಕೊಳ್ಳಲ್ವಾ?" ಅಂದರು. ನಮ್ಮ ಮನೆಯಲ್ಲಿ ನಾನೇ ಬಾಗಿಲಲ್ಲಿ ನೇತಾಡಿದರೂ ಯಾರೂ ಒಂದು ಹಪ್ಪಳ ಬಿಟ್ಟು ಏಳುವುದಿಲ್ಲ.

ಅಷ್ಟರಲ್ಲಿ ಮೊಮ್ಮಗಳು ಬಂದಳು. ಅಜ್ಜಿಯ ಕಾಟ ತಾಳಲಾರದೆ ಬ್ಯಾಗು ಹೆಗಲಲ್ಲಿರುವಾಗಲೇ ಗುಂಡಿ ಒತ್ತಿದಳು. ನೇತಾಡುತ್ತಿದ್ದವನು ಕೈಜಾರಿ ಸೀದಾ ಪ್ರಪಾತಕ್ಕೆ ಬಿದ್ದ.

ಅಜ್ಜಿ ಎದ್ದು ನಿಂತರು. "ನಾನು ಹೇಳ್ಲಿಲ್ವಾ? ಬೆಳಗ್ಗಿಂದ ಹಿಡ್ಕೊಂಡು ಹಿಡ್ಕೊಂಡು ಕೈ ಸೋತು ಹೋಗಿತ್ತು. ನೀನು ಒಂದು ಬಸ್ಸು ಮುಂಚೆ ಬಂದಿದ್ರೆ ಉಳೀತಿದ್ದ."

ಬೇರೆಯವರ ಬೆಳೆ

ಶಂಕರಘಟ್ಟದಲ್ಲಿ ವಿಶ್ವವಿದ್ಯಾಲಯದ ಹುಡುಗರಿಗೆ ರೂಮು ಬಾಡಿಗೆ ಕೊಟ್ಟ ರೈತರೊಬ್ಬರಿದ್ದಾರೆ. ಅವರಿಂದ ಫೋನು ಬಂತು. ಕಂಪ್ಯೂಟರಿನ ಯುಪಿಎಸ್ಸು ಮತ್ತೆ ಮತ್ತೆ ಕಿರುಚಿಕೊಳ್ಳುತ್ತಿದೆ, ತಕ್ಷಣ ಬನ್ನಿ ಅಂದರು.

ಹೋಗಿ ನೋಡಿದರೆ ಬಾಡಿಗೆಯ ವಿದ್ಯಾರ್ಥಿ ರೂಮಿನಲ್ಲಿಲ್ಲ. ಅಕ್ಕನ ಸೀಮಂತಕ್ಕೆ ಊರಿಗೆ ಹೋಗಿದ್ದ. ಕಂಪ್ಯೂಟರಿನ ಮುಂದೆ ಮಾಲೀಕರು ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದರು. ಪರದೆಯ ಮೇಲೆ ಹಸಿರು ಗದ್ದೆ, ಒಂದು ಬಾವಿ, ನಾಲ್ಕು ದನ. ಅದು ಬೇಸಾಯದ ಆಟ. ಓಡುತ್ತಿದ್ದರೆ ಮಾತ್ರ ಪೈರು ಬೆಳೆಯುತ್ತದೆ, ಆಫ್ ಮಾಡಿದರೆ ಇಲ್ಲ. ಅದಕ್ಕೇ ಹುಡುಗ ಆಟವನ್ನು ಓಡುವ ಹಾಗೇ ಬಿಟ್ಟು, ಕೀಲಿಯನ್ನು ಮಾಲೀಕರ ಕೈಗೆ ಕೊಟ್ಟು ಹೋಗಿದ್ದ.

"ಸಸಿ ಹತ್ತಿರ ಹತ್ತಿರ ನೆಟ್ಟಿದಾನೆ," ಅಂದರು ಮಾಲೀಕರು. "ಬುಡದಲ್ಲಿ ಹೊಸ ತೆಂಡೆ ಒಡೆಯೋಕೆ ಜಾಗ ಇಲ್ಲ. ಬರ್ಲಿ, ಹೇಳ್ತೀನಿ."

ಯುಪಿಎಸ್ಸಿನಲ್ಲಿ ಅಂಥ ದೋಷವೇನೂ ಇರಲಿಲ್ಲ. ವೋಲ್ಟೇಜು ಕಡಿಮೆಯಾದಾಗ ಕೂಗುತ್ತಿತ್ತು. "ಈ ಲೈನಲ್ಲಿ ಯಾವುದಾದ್ರೂ ಪಂಪ್‌ಸೆಟ್ ಇದೆಯಾ?" ಅಂದೆ.

"ನಂದೇ ಇದೆ. ಅದು ಆನ್ ಆದ್ರೆ ಇದು ಕೂಗುತ್ತೆ ಅಂತ ನನಗೂ ಗೊತ್ತಾಯ್ತು. ಬೆಳಗ್ಗೆಯಿಂದ ಆಫ್ ಮಾಡಿಟ್ಟಿದೀನಿ. ಆದ್ರೂ ಆಗಾಗ ಕೂಗುತ್ತೆ, ಪಕ್ಕದ ಗದ್ದೆಯವನದ್ದಿರಬೇಕು."

"ಮತ್ತೆ ನಿಮ್ಮ ಗದ್ದೆಗೆ ನೀರು?"

ಅವರು ನನ್ನನ್ನು ಬುದ್ಧಿಯಿಲ್ಲದವನನ್ನು ನೋಡಿದ ಹಾಗೆ ನೋಡಿದರು. "ನಂದು ನಾಳೆ ನೋಡ್ಕೊಂಡ್ರಾಯ್ತು ಮಾರಾಯ. ಇದು ಬೇರೆಯವರ ಬೆಳೆ. ನಂಬಿ ಬಿಟ್ಟು ಹೋಗಿದಾನೆ."

ಇಂಥ ಮನುಷ್ಯರು ಇನ್ನೂ ಇದ್ದಾರಲ್ಲ ಅನ್ನಿಸಿತು. ಅಷ್ಟರಲ್ಲಿ ಹುಡುಗನ ಫೋನು ಬಂತು. ಪೈರು ಹಳದಿಯಾಗಿದ್ದರೆ ಆ ದೊಡ್ಡ ಗುಂಡಿ ಒಂದನ್ನು ಒತ್ತಿಬಿಡಿ, ಕೊಯ್ಲು ತಾನಾಗಿ ಆಗುತ್ತದೆ ಅಂದ. ಮಾಲೀಕರು ಫೋನಿಟ್ಟು ಕಿಟಕಿಯಿಂದ ತಮ್ಮ ಗದ್ದೆಯ ಕಡೆ ನೋಡಿದರು. ಆಮೇಲೆ ನನ್ನನ್ನು ಕೇಳಿದರು:

"ಈ ಗುಂಡಿ ಬಿಡಿಯಾಗಿ ಎಲ್ಲಿ ಸಿಗುತ್ತೆ?"

ಅದೇ ಅಕ್ಷರದಿಂದ

ಇದೂ ವಿದ್ಯಾನಗರದ್ದೇ. ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮುಂಚೆಯೇ ಹೇಳಿಟ್ಟಿದ್ದರಿಂದ ನಾನು ಇನ್ವರ್ಟರ್ ನೋಡಲು ಅದೇ ಹೊತ್ತಿಗೆ ಹೋಗಿಬಿಟ್ಟೆ. ಮನೆಯ ಮಗ ಬ್ಯಾಂಕಿನಲ್ಲಿ ಕೆಲಸದಲ್ಲಿರುವವನು, ಮದುವೆಗೆ ಹೆಣ್ಣು ನೋಡುತ್ತಿದ್ದರು. ಅವನು ರೂಮಿನಲ್ಲಿ ಕೂತು ಆಡುತ್ತಿದ್ದ. ಪುರೋಹಿತರು ಬಂದು ಕೂತಿದ್ದಾರೆ, ಮಗ ಏಳುವುದಿಲ್ಲ. ತಂದೆಗೆ ರೇಗಿತು. ನನ್ನ ಕಡೆ ತಿರುಗಿ, "ರೀ, ಆ ಮೇನ್ ಆಫ್ ಮಾಡ್ರೀ, ನೋಡೇಬಿಡೋಣ!" ಅಂದರು.

ಒಳಗಿನಿಂದ ಕೂಗು ಬಂತು: "ಅಪ್ಪಾ, ಬೇಡ! ಪಾಸ್ ಮಾಡಿ ಬಂದೆ!"

ಮಗ ಬಂದು ಮಡಿಪಂಚೆ ಉಟ್ಟು ಕೂತ. ಆದರೆ ತಂದೆಯ ಸಿಟ್ಟು ಆರಲಿಲ್ಲ. "ನೋಡಿ ಸ್ವಾಮಿ, ದೇವರ ಮುಂದೆ ಕೂತಿದಾನೆ, ಒಳಗೆ ಟಿವಿ ಉರೀತಿದೆ. ಅರ್ಧಕ್ಕೆ ನಿಲ್ಲಿಸೋದು, ಮತ್ತೆ ಹೋಗಿ ಅಲ್ಲಿಂದ್ಲೇ ಶುರು ಮಾಡೋದು. ಎಲ್ಲಾದ್ರೂ ಉಂಟಾ ಇಂಥದ್ದು?"

ಪುರೋಹಿತರು ಮಂತ್ರ ಶುರು ಮಾಡಿದರು. ಒಳ್ಳೆ ಕಂಚಿನಂಥ ಗಂಟಲು. ಅರ್ಧ ದಾರಿ ಬಂದಿರಬೇಕು, ಅವರ ಸೊಂಟದಲ್ಲಿದ್ದ ಫೋನು ಹೊಡೆದುಕೊಂಡಿತು. ಒಂದು ಕೈ ಎತ್ತಿ ಎಲ್ಲರಿಗೂ ಹಾಗೇ ಇರಿ ಅಂತ ಸನ್ನೆ ಮಾಡಿದರು. ಮನೆಮಂದಿಯೆಲ್ಲ ಕೈಯಲ್ಲಿ ಅಕ್ಷತೆ ಹಿಡಿದು, ಬೊಗಸೆ ಎತ್ತಿದ ಹಾಗೇ ಅಲ್ಲಾಡದೆ ಕೂತರು. ಪುರೋಹಿತರು ಫೋನಿನಲ್ಲಿ ಯಾರದೋ ಗೃಹಪ್ರವೇಶದ ಮುಹೂರ್ತ ಹೇಳಿದರು, ಎಷ್ಟು ತೆಂಗಿನಕಾಯಿ ತರಬೇಕು ಹೇಳಿದರು, ಅಡಿಗೆಯವರ ನಂಬರು ಕೊಟ್ಟರು, ಆ ಕಡೆಯವರ ಮೊಣಕಾಲು ನೋವು ಹೇಗಿದೆ ಅಂತ ವಿಚಾರಿಸಿದರು. ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ, ಬಿಟ್ಟ ಅಕ್ಷರದಿಂದಲೇ ಮಂತ್ರವನ್ನು ಎತ್ತಿಕೊಂಡರು. ಒಂದು ಅಕ್ಷರ ಹಿಂದಿಲ್ಲ, ಒಂದು ಅಕ್ಷರ ಮುಂದಿಲ್ಲ.

ಮಗ ಬೊಗಸೆ ಇಳಿಸದೆ ತಂದೆಯ ಕಿವಿಯ ಹತ್ತಿರ ಬಗ್ಗಿ ಹೇಳಿದ: "ನಂದು ಇಷ್ಟು ಚೆನ್ನಾಗಿ ನಿಲ್ಲಲ್ಲ ಅಪ್ಪಾ."

ಆರಬಾರದ ಫರ್ನೆಸ್ಸು

ಈಗ ಓಲ್ಡ್ ಟೌನಿಗೆ ಬರುತ್ತೇನೆ.

ಆಯುಧಪೂಜೆಯ ಬೆಳಗ್ಗೆ. ನನ್ನ ಸ್ಪ್ಯಾನರು, ಟೆಸ್ಟರು, ಇಕ್ಕಳ ಎಲ್ಲ ಕುಂಕುಮ ಹಚ್ಚಿಸಿಕೊಂಡು, ಚೆಂಡು ಹೂ ಮುಡಿದು ಸಾಲಾಗಿ ಕೂತಿದ್ದವು. ಆಗ ಭದ್ರಾವತಿಯಿಂದ ಒಬ್ಬ ಹೆಂಗಸಿನ ಫೋನು. ವಿದ್ಯಾನಗರದಲ್ಲಿರುವ ಅವರ ಮಗಳ ಮನೆಗೆ ಇನ್ವರ್ಟರ್ ಹಾಕಿದವನು ನಾನೇ.

"ಇನ್ವರ್ಟರ್ ಕೂಗ್ತಿದೆ ಕಣಪ್ಪ. ನಮ್ಮ ಯಜಮಾನ್ರ ಆಟ ಆರಿಹೋಗುತ್ತೆ. ಹೇಗಾದ್ರೂ ಉಳಿಸಿಕೊಡು."

ವಿಷಯ ಹೀಗಿತ್ತು. ಯಜಮಾನರು ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸುವ ಫರ್ನೆಸ್ಸಿನಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಮಗಳು ಚಿಕ್ಕವಳಿದ್ದಾಗ ಕೊಡಿಸಿದ ಹಳೇ ಟಿವಿ ಗೇಮಿನ ಪೆಟ್ಟಿಗೆಯನ್ನು ನಿವೃತ್ತಿಯ ಮೇಲೆ ಅಟ್ಟದಿಂದ ಇಳಿಸಿ ಆಡಲು ಹಿಡಿದಿದ್ದರು. ಅದರಲ್ಲಿ ಆಟ ಉಳಿಸಿಡುವ ವ್ಯವಸ್ಥೆಯಿಲ್ಲ. ಆರಿಸಿದರೆ ಮತ್ತೆ ಮೊದಲಿಂದ. ವರ್ಷಗಟ್ಟಲೆ ಆಡಿ, ಕೊನೆಗೂ ಒಂದು ದಿನ ಕೊನೆಯ ಕೋಟೆಯ ಬಾಗಿಲಿಗೆ ಬಂದು ಮುಟ್ಟಿದ್ದರು. ಕೈಯಲ್ಲಿ ಉಳಿದಿದ್ದು ಒಂದೇ ಒಂದು ಜೀವ, ಅದೂ ಹೋದರೆ ಆಟವೇ ಮುಗಿಯಿತು. ಅದೇ ಹೊತ್ತಿಗೆ ಶಿವಮೊಗ್ಗದ ಆಸ್ಪತ್ರೆಯಿಂದ ಫೋನು: ಹರ್ನಿಯಾ ಆಪರೇಷನ್ನಿಗೆ ಬೆಡ್ ಖಾಲಿಯಾಗಿದೆ, ಬಂದು ಸೇರಿಕೊಳ್ಳಿ.

ಫೋರ್‌ಮನ್ನರು ಹೆದರಿದ್ದರು. ಫರ್ನೆಸ್ಸಿನ ಬಾಯಿಗೆ ನಿಂತ ಮನುಷ್ಯ, ಆದರೆ ಸೂಜಿ ಕಂಡರೆ ಬೆವರುತ್ತಿದ್ದರು. ಆಟವನ್ನು ಪಾಸ್ ಮಾಡಿ, ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಇದು ಆರಬಾರದು. ಬಂದು ಮುಗಿಸ್ತೀನಿ."

ಆ ಅಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದರು. ಆಟ ಬಾಕಿ ಇಟ್ಟು ಹೋದವರು ಮುಗಿಸೋಕೆ ಬಂದೇ ಬರುತ್ತಾರೆ ಅನ್ನುವುದು ಅವರ ನಂಬಿಕೆ. ಆಪರೇಷನ್ ಆಗಿ, ಹೊಲಿಗೆಯ ಜಾಗ ಸ್ವಲ್ಪ ಕೀವಾಗಿ, ದಿನ ಬೆಳೆದಂತೆಲ್ಲ ಆ ನಂಬಿಕೆಯೂ ಗಟ್ಟಿಯಾಗಿತ್ತು. ಅವರು ಮಗಳ ಮನೆಯಲ್ಲಿದ್ದುಕೊಂಡು ಆಸ್ಪತ್ರೆಗೆ ಓಡಾಡುತ್ತಿದ್ದರು. ಓಲ್ಡ್ ಟೌನಿನ ಮನೆಯ ಕೀಲಿ ಯಜಮಾನರ ಹಳೇ ಸಹೋದ್ಯೋಗಿಗಳು ಮೂವರ ಕೈಯಲ್ಲಿತ್ತು. ಆಯುಧಪೂಜೆ ಬಿಡಬಾರದು ಅಂತ ಅಮ್ಮ ಆವತ್ತು ಬೆಳಗ್ಗೆ ಮನೆಗೆ ಬಂದಿದ್ದರು. ಬಂದರೆ ಗಾಳಿಗೆ ಕರೆಂಟು ಹೋಗಿ ಬಂದು ಮಾಡುತ್ತಿದೆ, ಇನ್ವರ್ಟರು ಒಂದೇ ಸಮ ಅಳುತ್ತಿದೆ.

ನಾನು ಸ್ಪ್ಯಾನರಿಗೆ ಕೈ ಚಾಚಿದೆ. ನನ್ನ ಹೆಂಡತಿ ಅಡ್ಡ ನಿಂತಳು. "ಪೂಜೆಗೆ ಕೂತ ಸಾಮಾನು ನಾಳೆವರೆಗೂ ಮುಟ್ಟೋ ಹಾಗಿಲ್ಲ."

"ಅಲ್ಲೊಬ್ಬರ ಜೀವದ ಪ್ರಶ್ನೆ ಮಾರಾಯ್ತಿ."

"ಬ್ಯಾಟರಿ ಮಾರೋ ಸಾಮಾನು, ಅದನ್ನ ತಗೊಂಡು ಹೋಗಿ. ಸ್ಪ್ಯಾನರ್ ಏಳಲ್ಲ."

ಹೊಸ ಬ್ಯಾಟರಿಯನ್ನು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿಟ್ಟುಕೊಂಡು, ಕಾಲು ಎರಡೂ ಹೊರಗೆ ಚಾಚಿಕೊಂಡು, ಬರಿಗೈಯಲ್ಲಿ ಭದ್ರಾವತಿಗೆ ಹೋದೆ.

ಮನೆಯೊಳಗೆ ಕಾಲಿಟ್ಟವನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಟಿವಿಯ ಮುಂದೆ ಮೂರು ಕುರ್ಚಿ, ಮೂರರಲ್ಲೂ ಅರವತ್ತು ದಾಟಿದ ಮೂವರು. ಪಕ್ಕದಲ್ಲಿ ಟಿಫಿನ್ ಕ್ಯಾರಿಯರು, ನೀರಿನ ಕೂಜ. ಪರದೆಯ ಮೇಲೆ ಒಬ್ಬ ಪುಟ್ಟ ಸೈನಿಕ ಕಬ್ಬಿಣದ ಬಾಗಿಲಿನ ಮುಂದೆ ಕತ್ತಿ ಎತ್ತಿ ನಿಂತಿದ್ದ, ಮೇಲೆ ಮೂಲೆಯಲ್ಲಿ ಪುಟ್ಟ ಪುಟ್ಟ ಕೆಂಪು ಹೃದಯಗಳು. ಆಟದ ಪೆಟ್ಟಿಗೆಗೆ ಅಮ್ಮ ಆಗಲೇ ಕುಂಕುಮ ಇಟ್ಟು ಹೂವು ಏರಿಸಿದ್ದರು.

ಮೂವರಲ್ಲಿ ಹಿರಿಯರು ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿದವರು, ತಮಿಳು ಮನೆಮಾತಿನವರು. "ನಾವು ಶಿಫ್ಟ್ ಹಾಕ್ಕೊಂಡು ಕಾಯ್ತಾ ಇದೀವಿ ಸಾರ್," ಅಂದರು. "ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್, ಎಲ್ಲಾ ಮುಂದಿನವರಿಗೆ ಸರಿಯಾಗಿ ಚಾರ್ಜ್ ಕೊಟ್ಟೇ ಹೋಗೋದು. ಇವತ್ತು ಪೂಜೆ ಅಂತ ಮೂರು ಜನವೂ ಬಂದಿದೀವಿ."

"ಆಯುಧಪೂಜೆ ದಿನ ಯಂತ್ರ ನಿಲ್ಲಿಸ್ಬೇಕಲ್ವಾ?" ಅಂದೆ.

ಮೂವರೂ ನಕ್ಕರು. "ಊರೆಲ್ಲಾ ನಿಲ್ಲಿಸುತ್ತೆ. ನಾವು ಫರ್ನೆಸ್ಸಿನವರು. ಅದನ್ನ ಆರಿಸಿದ್ರೆ ಒಳಗೆ ಇರೋದೆಲ್ಲಾ ಗಟ್ಟಿಯಾಗಿ ಹೋಗುತ್ತೆ. ಉರಿಯೋದಕ್ಕೇ ಪೂಜೆ ಮಾಡ್ತಿದ್ವಿ ಸಾರ್, ಸರ್ವೀಸ್ ಪೂರ್ತಿ."

ಅಷ್ಟು ಹೇಳಿ ಮೂವರೂ ಕೈ ಮುಗಿದಾಗ ಗಮನಿಸಿದೆ. ಮೂವರ ಹೆಬ್ಬೆರಳಿಗೂ ಅರಿಶಿನ ಹಚ್ಚಿ ಬಟ್ಟೆ ಸುತ್ತಿತ್ತು. ಬಾಗಿಲಿಗೆ ತೋರಣ ಕಟ್ಟುವಾಗ ಏನೋ ಗಾಯವಾಗಿರಬೇಕು ಅಂದುಕೊಂಡೆ.

ಕೆಲಸ ಸುಲಭದ್ದಲ್ಲ. ಹಳೇ ಬ್ಯಾಟರಿ ಸಾಯೋಕೆ ಬಂದಿತ್ತು, ಒಂದೆರಡು ಕ್ಷಣಕ್ಕಿಂತ ಹೆಚ್ಚು ಕರೆಂಟು ಹೋದರೆ ತಡೆಯುತ್ತಿರಲಿಲ್ಲ. ಅದನ್ನು ಬಿಚ್ಚಿ ಹೊಸದನ್ನು ಕಟ್ಟುವ ತನಕ ಆಟ ನಿಲ್ಲುವುದು ಬರೀ ಲೈನಿನ ಕರೆಂಟಿನ ಮೇಲೆ. ನಡುವೆ ಕರೆಂಟು ಹೋದರೆ ಎಲ್ಲ ಮುಗಿಯಿತು. ಅದೂ ಅಲ್ಲದೆ ಬಿಚ್ಚುವುದು ಯಾವುದರಿಂದ? ಆ ಮನೆಯಲ್ಲೂ ಸ್ಪ್ಯಾನರು, ಸುತ್ತಿಗೆ, ಈಳಿಗೆ ಮಣೆ, ಹೊಲಿಗೆಯ ಕತ್ತರಿ ತನಕ ಎಲ್ಲ ಪೂಜೆಗೆ ಕೂತಿದ್ದವು.

"ಪೂಜೆಗೆ ಕೂರದೇ ಇರೋ ಒಂದಾದ್ರೂ ಆಯುಧ ಇಲ್ವಾ ಅಮ್ಮಾ?"

ಅಮ್ಮ ಒಳಗೆ ಹೋಗಿ ಅಡಕತ್ತರಿ ತಂದರು. "ಇದೊಂದು ಇಟ್ಟಿಲ್ಲ. ಶಿಫ್ಟಿನವರಿಗೆ ಎಲೆಅಡಿಕೆ ಬೇಕಲ್ಲ ಅಂತ ಬಿಟ್ಟಿದ್ದೆ."

ಅಡಕತ್ತರಿಯಲ್ಲಿ ನಟ್ಟು ಕಚ್ಚಿಸಿ ಬಿಚ್ಚಲು ಶುರು ಮಾಡಿದೆ. ಅಮ್ಮ ದೇವರ ಮನೆಯ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿ ನಿಂತರು. ಬೀದಿಯ ಪೆಂಡಾಲಿನ ಮೈಕಿನಲ್ಲಿ ಭಕ್ತಿಗೀತೆ ಜೋರಾಗಿತ್ತು. ಅದು ಹಾಡುತ್ತಿರುವ ತನಕ ಕರೆಂಟು ಇದೆ ಅಂತ ಲೆಕ್ಕ. ಹಳೇದನ್ನು ಎತ್ತಿದೆವು, ಹೊಸದನ್ನು ಕೂರಿಸಿದೆವು. ಒಂದು ವೈರು ಬಿಗಿದೆ. ಇನ್ನೊಂದನ್ನೂ ಬಿಗಿದು ಅಡಕತ್ತರಿ ಕೆಳಗಿಟ್ಟೆ.

ಮೈಕು ನಿಂತುಹೋಯಿತು.

ಬೀದಿಯಲ್ಲೆಲ್ಲ ಕರೆಂಟಿಲ್ಲ. ಪರದೆಯ ಮೇಲೆ ಸೈನಿಕ ಮಾತ್ರ ಕತ್ತಿ ಇಳಿಸದೆ ಹಾಗೇ ನಿಂತಿದ್ದ. ಅಮ್ಮ ಕಣ್ಣು ಬಿಟ್ಟು ನೋಡಿ ಅಲ್ಲೇ ಕುಸಿದು ಕೂತು ಅತ್ತರು. ಕ್ರೇನಿನ ಹಿರಿಯರು ನನ್ನ ಎರಡೂ ಕೈ ಹಿಡಿದುಕೊಂಡರು. ಒಂದು ಆಟಕ್ಕೆ ಇಷ್ಟೊಂದಾ ಅಂತ ನಾನು ಕೇಳಲಿಲ್ಲ. ಅಲ್ಲಿ ನಿಂತಿದ್ದವರಿಗೆ ಆ ಪ್ರಶ್ನೆ ಬರುವುದಿಲ್ಲ.

ದಸರಾ ಕಳೆದು ಸ್ವಲ್ಪ ದಿನಕ್ಕೆ ಫೋರ್‌ಮನ್ನರು ಮನೆಗೆ ಬಂದರು. ನನಗೂ ಕರೆ ಬಂತು. ಕೃಶರಾಗಿದ್ದರು, ಹೊಟ್ಟೆ ಹಿಡಿದುಕೊಂಡು ನಿಧಾನ ನಡೆಯುತ್ತಿದ್ದರು. ಅಮ್ಮ ಆರತಿ ಎತ್ತಿ ಒಳಗೆ ಕರೆದುಕೊಂಡರು. ಮೂವರು ಸಹೋದ್ಯೋಗಿಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು, ದೊಡ್ಡ ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬಂದ ಹಾಗೆ.

ಫೋರ್‌ಮನ್ನರು ಕುರ್ಚಿಯಲ್ಲಿ ಕೂತು ಕನ್ನಡಕ ಏರಿಸಿ ಪರದೆಯನ್ನು ನೋಡಿದರು. ತುಂಬಾ ಹೊತ್ತು ನೋಡಿದರು.

"ಬಾಗಿಲು ಅದೇ," ಅಂದರು. "ನಿಂತಿರೋ ಜಾಗವೂ ಅದೇ. ಆದ್ರೆ ನಾನು ಬಿಟ್ಟು ಹೋಗಿದ್ದು ಒಂದು ಜೀವ. ಇಲ್ಲಿ ಮೂರು ಹೃದಯ ಇದೆ."

ಅಮ್ಮ ಮೂವರ ಕಡೆ ತಿರುಗಿದರು. ಮೂವರೂ ನೆಲ ನೋಡಿದರು. ಕೊನೆಗೆ ಕ್ರೇನಿನ ಹಿರಿಯರೇ ಬಾಯಿ ಬಿಟ್ಟರು.

"ನೀವು ಹೋದ ದಿನವೇ ಕರೆಂಟು ಹೋಯ್ತು ಫೋರ್‌ಮನ್ ಸಾರ್. ಇನ್ವರ್ಟರ್ ಕೈ ಕೊಡ್ತು. ಫರ್ನೆಸ್ ಆರಿಹೋಯ್ತು. ಅಮ್ಮನಿಗೆ ಹೇಗೆ ಹೇಳೋದು? ಅದಕ್ಕೆ ಮೊದಲಿಂದ ಹೊತ್ತಿಸಿದ್ವಿ. ಯಾರಿಗೂ ಆಡೋಕೆ ಬರ್ತಿರಲಿಲ್ಲ. ಶಿಫ್ಟ್ ಹಾಕ್ಕೊಂಡು ಕಲಿತ್ವಿ. ಪೂಜೆಗೆ ಸ್ವಲ್ಪ ದಿನ ಮುಂಚೆ ಬಾಗಿಲಿಗೆ ತಂದು ನಿಲ್ಲಿಸಿದ್ವಿ."

ಆ ಹೆಬ್ಬೆರಳಿನ ಬಟ್ಟೆ ನನಗೆ ಆಗ ಅರ್ಥವಾಯಿತು. ಒಬ್ಬ ಮನುಷ್ಯ ವರ್ಷಗಟ್ಟಲೆ ಆಡಿ ಮುಟ್ಟಿದ ಬಾಗಿಲನ್ನು ಆಟವೇ ಗೊತ್ತಿಲ್ಲದ ಮೂವರು ಮುದುಕರು ಅವನು ಆಸ್ಪತ್ರೆಯಿಂದ ಬರುವುದರೊಳಗೆ ಮುಟ್ಟಿದ್ದರು. ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

"ಅದು ಸರಿ," ಅಂದರು ಫೋರ್‌ಮನ್ನರು. "ಒಂದೇ ಜೀವ ಇಟ್ಟು ನಿಲ್ಲಿಸಬಹುದಿತ್ತಲ್ಲ. ನನಗೆ ಗೊತ್ತೇ ಆಗ್ತಿರಲಿಲ್ಲ."

"ಇಟ್ಟಿದ್ವಿ ಸಾರ್. ಆಮೇಲೆ ನಿಮಗೆ ಹೊಲಿಗೆ ಕೀವಾಗಿದೆ ಅಂತ ಸುದ್ದಿ ಬಂತು. ಒಂದು ಸಾಲದು ಅನ್ನಿಸ್ತು. ಹಿಂದಕ್ಕೆ ಹೋಗಿ ಇನ್ನೆರಡು ತಂದ್ವಿ."

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಫೋರ್‌ಮನ್ನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಆಟದ ರಿಮೋಟು ಕೈಗೆ ತಗೊಂಡು ಗುಂಡಿ ಒತ್ತಿದರು. ಕಬ್ಬಿಣದ ಬಾಗಿಲು ತೆರೆಯಿತು. ಒಳಗಿನಿಂದ ಏನೋ ಹಾರಿ ಬಂತು, ಒಂದು ಜೀವ ಹೋಯಿತು. ಅಮ್ಮ ಕಾಫಿ ಲೋಟ ಕೆಳಗಿಡುವುದರೊಳಗೆ ಇನ್ನೊಂದೂ ಹೋಯಿತು. ಗೋಡೆಗೆ ಒರಗಿದ್ದ ಮೂವರೂ ತಮ್ಮ ತಮ್ಮ ಹೆಬ್ಬೆರಳು ನೋಡಿಕೊಂಡರು.

ಉಳಿದದ್ದು ಒಂದು. ಫೋರ್‌ಮನ್ನರು ಸಟ್ಟನೆ ಪಾಸ್ ಒತ್ತಿ ರಿಮೋಟನ್ನು ಕೆಳಗಿಟ್ಟರು.

"ಯಾಕ್ರೀ, ಮುಗಿಸಲ್ವಾ?" ಅಂದರು ಅಮ್ಮ.

"ಮುಂದಿನ ವಾರ ಹೊಲಿಗೆ ತೋರಿಸೋಕೆ ಮತ್ತೆ ಆಸ್ಪತ್ರೆಗೆ ಹೋಗ್ಬೇಕಲ್ಲ," ಅಂದರು ಫೋರ್‌ಮನ್ನರು. "ಬಾಕಿ ಇರಲಿ."

ಅಮ್ಮನ ಮುಖ ಅರಳಿತು. ಕ್ರೇನಿನ ಹಿರಿಯರು ಹೆಬ್ಬೆರಳಿಗೆ ಸುತ್ತಿದ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದುಕೊಂಡು ಕೇಳಿದರು:

"ಹಾಗಾದ್ರೆ ಈ ಸಲ ಎಷ್ಟು ಜೀವ ಬೇಕು ಸಾರ್?"